34ಬಿ ಎಂದರೆ ಏನು? ಸರಿಯಾದ ಬ್ರಾ ಅಳತೆ ಕಂಡುಕೊಳ್ಳುವ ಬಗೆ

ಸಂಜೆ ಬಟ್ಟೆ ಬದಲಿಸುವಾಗ ಹೆಗಲ ಮೇಲೆ ಎರಡು ಕೆಂಪು ಗೆರೆ. ಬೆನ್ನಿನ ಕಡೆ ಮೇಲಕ್ಕೆ ಸರಿದು ಕೂತ ಪಟ್ಟಿ. ಎತ್ತರದಿಂದ ಏನಾದರೂ ತೆಗೆಯಲು ಕೈ ಎತ್ತಿದರೆ ಬ್ರಾ ಕೂಡ ಮೇಲೇರುತ್ತದೆ. ಆಮೇಲೆ ಯಾರೂ ನೋಡದ ಹಾಗೆ ಅದನ್ನು ಕೆಳಗೆ ಎಳೆದುಕೊಳ್ಳಬೇಕು. ಇದೆಲ್ಲ ಬ್ರಾ ಹಾಕುವುದರ ಜೊತೆಗೇ ಬರುವ ಕಷ್ಟ, ಸಹಿಸಿಕೊಳ್ಳಲೇಬೇಕು ಎಂದು ನಾನು ಹನ್ನೆರಡು ವರ್ಷ ನಂಬಿದ್ದೆ. ಹದಿನಾರನೇ ವಯಸ್ಸಿನಲ್ಲಿ ಅಂಗಡಿಯವರು ಕಣ್ಣಳತೆಯಲ್ಲೇ ನೋಡಿ ಕೈಗೆ ಕೊಟ್ಟ ಸೈಜ್ 34ಬಿ. ಅದೇ ನನ್ನದು ಅಂದುಕೊಂಡೆ. ಟೇಪು ಹಿಡಿದು ಅಳೆದದ್ದು ಇಪ್ಪತ್ತೆಂಟು ತುಂಬಿದ ಮೇಲೆ. ಅಳತೆ ಬಂದದ್ದು 30ಡಿಡಿ. ಎಲ್ಲೋ ತಪ್ಪಿರಬೇಕು ಎಂದು ಮತ್ತೆ ಎರಡು ಸಲ ಅಳೆದೆ. ಅದೇ ಬಂತು.

ಡಿಡಿ ಎಂದರೆ ತುಂಬಾ ದೊಡ್ಡದು ಅಲ್ವಾ? ನಾನೇನು ಅಷ್ಟು ದಪ್ಪ ಎದೆಯವಳಲ್ಲವಲ್ಲ? ನನಗೆ ಮೊದಲು ಬಂದ ಪ್ರಶ್ನೆ ಇದು. ಈ ವಿಷಯ ಮಾತಾಡಿದಾಗಲೆಲ್ಲ ಗೆಳತಿಯರಿಂದಲೂ ಇದೇ ಪ್ರಶ್ನೆ ಬರುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಸಂಖ್ಯೆ ಮತ್ತು ಅಕ್ಷರ

ಬ್ರಾ ಸೈಜಿನಲ್ಲಿ ಎರಡು ಭಾಗ ಇವೆ. 34ಬಿ ಎಂದರೆ 34 ಬ್ಯಾಂಡಿನ ಅಳತೆ, ಬಿ ಕಪ್ಪಿನ ಅಳತೆ. ಬ್ಯಾಂಡ್ ಎಂದರೆ ಸ್ತನದ ಕೆಳಗೆ ಮೈಸುತ್ತ ಬರುವ ಪಟ್ಟಿ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಹೋಗುವುದು ಏನೆಂದರೆ, ಆ ಅಕ್ಷರಕ್ಕೆ ತನ್ನಷ್ಟಕ್ಕೇ ಯಾವ ಅಳತೆಯೂ ಇಲ್ಲ. ಅದು ಒಂದು ವ್ಯತ್ಯಾಸ ಮಾತ್ರ. ಎದೆಯ ತುಂಬು ಭಾಗದ ಸುತ್ತಳತೆಯಿಂದ ಸ್ತನದ ಕೆಳಗಿನ ಸುತ್ತಳತೆ ಕಳೆದರೆ ಉಳಿಯುವ ಇಂಚುಗಳನ್ನು ಆ ಅಕ್ಷರ ಹೇಳುತ್ತದೆ. 1 ಇಂಚು ಉಳಿದರೆ ಎ, 2 ಇಂಚು ಬಿ, 3 ಇಂಚು ಸಿ, 4 ಇಂಚು ಡಿ, 5 ಇಂಚು ಡಿಡಿ.

ಈಗ ಯೋಚಿಸಿ. ಸಣ್ಣ ಮೈಕಟ್ಟಿನವಳಿಗೆ 30ರ ಮೇಲೆ 4 ಇಂಚು ಉಳಿದರೂ ಡಿ. ಅಗಲ ಮೈಕಟ್ಟಿನವಳಿಗೆ 40ರ ಮೇಲೆ 4 ಇಂಚು ಉಳಿದರೂ ಡಿ. ಇಬ್ಬರ ಕಪ್ಪೂ ಒಂದೇ ಗಾತ್ರ ಆಗಲು ಸಾಧ್ಯವೇ ಇಲ್ಲ. 40ಡಿ ಬ್ರಾದ ಕಪ್ಪು 30ಡಿ ಕಪ್ಪಿಗಿಂತ ಎಷ್ಟೋ ದೊಡ್ಡದು. "ಅವಳದು ಡಿ ಕಪ್" ಎಂದು ಯಾರಾದರೂ ಹೇಳಿದರೆ ಆ ಮಾತಿನಿಂದ ಏನೂ ತಿಳಿಯುವುದಿಲ್ಲ. ಸಂಖ್ಯೆ ಪಕ್ಕದಲ್ಲಿ ಇರಲೇಬೇಕು.

ಇದರ ಇನ್ನೊಂದು ಮುಖವೂ ಇದೆ. ಬ್ಯಾಂಡ್ ಒಂದು ಸೈಜ್ ಇಳಿದು, ಅಕ್ಷರ ಒಂದು ಮೇಲೆ ಹೋದರೆ ಕಪ್ಪಿನಲ್ಲಿ ಹಿಡಿಯುವ ಜಾಗ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. 34ಬಿ, 32ಸಿ, 30ಡಿ, ಈ ಮೂರರ ಕಪ್ಪೂ ಒಂದೇ ಗಾತ್ರದ್ದು. ಬೇರೆ ಇರುವುದು ಬೆನ್ನಿನ ಪಟ್ಟಿ. ಇಂಥವನ್ನು ಸಿಸ್ಟರ್ ಸೈಜ್ ಅನ್ನುತ್ತಾರೆ. ಅಕ್ಕತಂಗಿ ಸೈಜುಗಳು ಅನ್ನೋಣ. ನನ್ನ ವಿಷಯದಲ್ಲಿ ಲೆಕ್ಕ ಹೀಗೆ. ನನಗೆ ಬೇಕಿದ್ದದ್ದು 30ಡಿಡಿ. ನಾನು ಹಾಕುತ್ತಿದ್ದದ್ದು 34ಬಿ, ಅಂದರೆ 30ಡಿ ಕಪ್ಪು. ಕಪ್ಪಿನಲ್ಲಿ ತಪ್ಪಿದ್ದು ಒಂದೇ ಮೆಟ್ಟಿಲು. ಬ್ಯಾಂಡಿನಲ್ಲಿ ತಪ್ಪಿದ್ದು ಪೂರ್ತಿ ಎರಡು ಸೈಜ್, ನಾಲ್ಕು ಇಂಚು. ನನ್ನನ್ನು ಹನ್ನೆರಡು ವರ್ಷ ಕಾಡಿದ್ದು ಆ ನಾಲ್ಕು ಇಂಚು.

ಈ ಅಕ್ಷರಗಳು ಅಷ್ಟೇನೂ ಹಳೆಯವಲ್ಲ. ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ಎಂಬಾಕೆ ಎರಡು ಕರವಸ್ತ್ರ, ಸ್ವಲ್ಪ ರಿಬ್ಬನ್ ಸೇರಿಸಿ ಹೊಲಿದ ಬ್ರಾಗೆ 1914ರಲ್ಲಿ ಪೇಟೆಂಟ್ ಸಿಕ್ಕಿತು. ಅದಕ್ಕೆ ಕಪ್ ಸೈಜ್ ಅನ್ನುವುದೇ ಇರಲಿಲ್ಲ. ಸ್ತನದ ಗಾತ್ರಕ್ಕೆ ಅಕ್ಷರ ಕೊಡುವ ಪದ್ಧತಿ ಶುರುವಾದದ್ದು 1930ರ ದಶಕದಲ್ಲಿ, ಅಮೆರಿಕದ ಎಸ್. ಎಚ್. ಕ್ಯಾಂಪ್ ಕಂಪನಿಯಿಂದ. ಆಗ ಇದ್ದದ್ದು ಎ ಇಂದ ಡಿ ವರೆಗಿನ ನಾಲ್ಕೇ ಅಕ್ಷರ. ಡಿ ಎಂದರೆ ಕೊನೆ, ಡಿ ಎಂದರೆ ಭಾರೀ ದೊಡ್ಡದು ಎಂಬ ನಮ್ಮ ಭಾವನೆ ಅಲ್ಲಿಂದಲೇ ಬಂದಿರಬೇಕು ಅಂತ ನನಗೆ ಅನ್ನಿಸುತ್ತದೆ. ಈಗ ಅಕ್ಷರಗಳು ಡಿ ದಾಟಿ ಬಹಳ ದೂರ ಹೋಗಿವೆ.

ನಾಲ್ಕು ಕೂಡಿಸುವ ಲೆಕ್ಕ

ಅನೇಕ ಕಡೆ ಇನ್ನೂ ಒಂದು ಹಳೆಯ ಲೆಕ್ಕ ಬಳಕೆಯಲ್ಲಿದೆ. ಸ್ತನದ ಕೆಳಗೆ ಅಳೆದು, ಬಂದ ಸಂಖ್ಯೆಗೆ 4 ಇಂಚು ಕೂಡಿಸಿ, ಅದನ್ನೇ ಬ್ಯಾಂಡ್ ಸೈಜ್ ಅನ್ನುವುದು. ಬೆಸ ಸಂಖ್ಯೆ ಬಂದರೆ 5 ಕೂಡಿಸುವುದು. ಈ ಲೆಕ್ಕದಲ್ಲಿ ಏನಾಗುತ್ತದೆ ನೋಡಿ. ಸ್ತನದ ಕೆಳಗೆ 30, ತುಂಬು ಭಾಗದಲ್ಲಿ 35 ಇರುವ ಹೆಂಗಸಿಗೆ ಬ್ಯಾಂಡ್ 34 ಆಯಿತು. 35ರಿಂದ 34 ಕಳೆದರೆ ಉಳಿದದ್ದು 1. ಅಂದರೆ 34ಎ. ಕೂಡಿಸದೆ ಲೆಕ್ಕ ಹಾಕಿದರೆ ಅದೇ ಹೆಂಗಸಿಗೆ 30ಡಿಡಿ. ಒಂದೇ ಮೈ, ಒಂದೇ ಟೇಪು, ಉತ್ತರ ಮಾತ್ರ ಇಷ್ಟು ಬೇರೆ. ಅಕ್ಕತಂಗಿ ಲೆಕ್ಕದಲ್ಲಿ 30ಡಿಡಿಗೆ ಸಮನಾದದ್ದು 34ಸಿ. ಹಾಗಾಗಿ 34ಎ ಕಪ್ಪು ಆಕೆಗೆ ಎರಡು ಮೆಟ್ಟಿಲು ಚಿಕ್ಕದು. ಪಟ್ಟಿ ಸಡಿಲ, ಕಪ್ಪು ಬಿಗಿ, ಎರಡೂ ಒಟ್ಟಿಗೆ.

ಹಾಗಂತ ಈ ಲೆಕ್ಕ ಇಟ್ಟುಕೊಂಡೇ ಬ್ರಾ ಹೊಲಿಯುವ ಕಂಪನಿಗಳೂ ಇವೆ. ಅವರ 34 ಬ್ಯಾಂಡ್ ನಿಜಕ್ಕೂ ಚಿಕ್ಕದಾಗಿರಬಹುದು. ಲೇಬಲ್ ನೋಡಿದರೂ ಈ ಗೊಂದಲ ಕಾಣುತ್ತದೆ. ಯುರೋಪಿನ ಸೈಜು ಸೆಂಟಿಮೀಟರಿನಲ್ಲಿ ಇರುತ್ತದೆ: 65, 70, 75, 80 ಹೀಗೆ. ಒಂದೇ ಲೇಬಲ್‌ನಲ್ಲಿ 34 ಎಂದೂ 75 ಎಂದೂ ಬರೆದಿರುತ್ತಾರೆ. ಆದರೆ 75 ಸೆಂಟಿಮೀಟರನ್ನು ಇಂಚಿಗೆ ತಿರುಗಿಸಿದರೆ ಬರುವುದು ಸುಮಾರು ಇಪ್ಪತ್ತೊಂಬತ್ತೂವರೆ! ಫ್ರಾನ್ಸ್, ಸ್ಪೇನ್‌ಗಳಲ್ಲಿ ಅದೇ ಬ್ಯಾಂಡಿಗೆ 15 ಕೂಡಿಸಿ 90 ಅನ್ನುತ್ತಾರೆ. ಅಕ್ಷರಗಳಲ್ಲೂ ಇದೇ ಪಾಡು. ಡಿಡಿ ಆದ ಮೇಲೆ ಬ್ರಿಟನ್ನಿನಲ್ಲಿ 6 ಇಂಚಿಗೆ ಇ, 7ಕ್ಕೆ ಎಫ್, 8ಕ್ಕೆ ಎಫ್‌ಎಫ್, 9ಕ್ಕೆ ಜಿ. ಅಮೆರಿಕದ ಬ್ರಾಗಳಲ್ಲಿ 6 ಇಂಚಿಗೆ ಡಿಡಿಡಿ ಅಥವಾ ಎಫ್, 7ಕ್ಕೆ ಜಿ. ಆನ್‌ಲೈನಿನಲ್ಲಿ ಕೊಳ್ಳುವವರು ಆ ಕಂಪನಿಯ ಸೈಜ್ ಚಾರ್ಟ್ ತೆರೆದು ನೋಡದೆ ಆರ್ಡರ್ ಮಾಡಬೇಡಿ ಎಂದು ಹೇಳುವುದು ಇದಕ್ಕೇ.

ಲೇಬಲ್ ಏನೇ ಹೇಳಲಿ, ಸತ್ಯ ತಿಳಿಯಲು ಒಂದು ಸುಲಭ ದಾರಿ ಇದೆ. ಬ್ರಾವನ್ನು ಮೇಜಿನ ಮೇಲೆ ಚಾಚಿ ಇಟ್ಟು, ಪಕ್ಕದಲ್ಲಿ ಟೇಪು ಇಡಿ. ಬ್ಯಾಂಡಿನ ಎರಡೂ ತುದಿ ಹಿಡಿದು ಚೆನ್ನಾಗಿ ಎಳೆಯಿರಿ. ಎಲ್ಲಿಯವರೆಗೆ ಬಂತು? ನಿಮ್ಮ ಸ್ತನದ ಕೆಳಗಿನ ಅಳತೆಗಿಂತ ನಾಲ್ಕೈದು ಇಂಚು ಜಾಸ್ತಿ ಹಿಗ್ಗಿದರೆ ಆ ಬ್ಯಾಂಡ್ ಮೈಮೇಲೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಹಿಗ್ಗಿಸಿದಾಗ ಹೆಚ್ಚುಕಮ್ಮಿ ನಿಮ್ಮ ಅಳತೆಗೇ ಬಂದು ನಿಂತರೆ ಅದು ಹಿಡಿದು ನಿಲ್ಲುವ ಬ್ಯಾಂಡ್. ಈಗ ನಿಮ್ಮ ಹತ್ತಿರ ಇರುವ ಬ್ರಾಗಳನ್ನೆಲ್ಲ ಹೀಗೆ ಎಳೆದು ನೋಡಿ. ಒಂದೇ ಸೈಜ್ ಬರೆದಿರುವ ಎರಡು ಬ್ರಾಗಳ ನಡುವೆ ಎಷ್ಟು ವ್ಯತ್ಯಾಸ ಇರುತ್ತದೆ ಎಂದು ಗೊತ್ತಾಗುತ್ತದೆ.

ಅಳೆಯುವುದು ಹೇಗೆ

ಹೊಲಿಗೆಗೆ ಬಳಸುವ ಬಟ್ಟೆಯ ಟೇಪು ಸಾಕು. ಕನ್ನಡಿ ಮುಂದೆ ನಿಲ್ಲಿ. ಬ್ರಾ ತೆಗೆದು ಅಳೆಯುವುದು ಒಳ್ಳೆಯದು. ಹಾಕಿಕೊಂಡೇ ಅಳೆಯುವುದಾದರೆ ಪ್ಯಾಡ್ ಇಲ್ಲದ ತೆಳು ಬ್ರಾ ಇರಲಿ. ಪ್ಯಾಡಿನ ದಪ್ಪವೂ ಅಳತೆಗೆ ಸೇರಿಬಿಡುತ್ತದೆ.

ಮೊದಲು ಸ್ತನದ ಬುಡದ ಕೆಳಗೆ, ಪಕ್ಕೆಲುಬಿನ ಸುತ್ತ ಟೇಪು ತನ್ನಿ. ಬೆನ್ನಿನ ಕಡೆ ಟೇಪು ಮೇಲಕ್ಕೋ ಕೆಳಕ್ಕೋ ಓಡಿರುತ್ತದೆ, ಪಕ್ಕಕ್ಕೆ ತಿರುಗಿ ನೋಡಿಕೊಳ್ಳಿ. ಸುತ್ತಲೂ ನೆಲಕ್ಕೆ ಸಮನಾಗಿರಬೇಕು. ಉಸಿರು ಬಿಟ್ಟು, ಟೇಪು ಜಾರದಷ್ಟು ಬಿಗಿ ಮಾಡಿ ನೋಡಿ. ನೋಯಬಾರದು, ನೇತಾಡಲೂಬಾರದು. ಇದು ಬ್ಯಾಂಡಿನ ಅಳತೆ. 31 ಬಂತೆನ್ನಿ, ಬ್ಯಾಂಡ್ ಬರುವುದು 30 ಅಥವಾ 32. ಪಕ್ಕೆಲುಬು ಕೈಗೆ ಸಿಗುವಷ್ಟು ತೆಳ್ಳಗಿದ್ದರೆ 32 ಹಿತವಾಗಿರುತ್ತದೆ. ಆ ಜಾಗದಲ್ಲಿ ಮೃದುವಾದ ಮಾಂಸ ಇದ್ದರೆ ಟೇಪು ಒತ್ತಿದಂತೆ ಒಳಗೆ ಹೋಗುತ್ತದೆ, ಅವರಿಗೆ 30 ಸರಿಹೋಗುತ್ತದೆ.

ಆಮೇಲೆ ತುಂಬು ಭಾಗ. ಇದನ್ನು ಎರಡು ಸಲ ಅಳೆಯಬೇಕು. ನೆಟ್ಟಗೆ ನಿಂತು, ಮೊಲೆತೊಟ್ಟಿನ ಮಟ್ಟದಲ್ಲಿ, ಟೇಪು ಸುಮ್ನೆ ತಾಗುವಷ್ಟು ಸಡಿಲವಾಗಿ ಒಮ್ಮೆ. ಸೊಂಟದಿಂದ ಮುಂದೆ ಬಗ್ಗಿ, ಬೆನ್ನು ನೆಲಕ್ಕೆ ಸಮನಾಗಿರುವಾಗ ಇನ್ನೊಮ್ಮೆ. ಬಗ್ಗುವುದು ಯಾಕೆಂದರೆ, ನಿಂತಾಗ ಸ್ತನದ ಒಂದಿಷ್ಟು ಭಾಗ ಎದೆಗೆ ಅಂಟಿಕೊಂಡೋ ಪಕ್ಕಕ್ಕೆ ಹರಡಿಕೊಂಡೋ ಇರುತ್ತದೆ. ಟೇಪಿಗೆ ಅದು ಸಿಗುವುದಿಲ್ಲ. ಮೃದುವಾದ ಸ್ತನಗಳಿಗೆ, ಮಗುವಿಗೆ ಹಾಲೂಡಿಸಿದ ನಂತರದ ಸ್ತನಗಳಿಗೆ ಈ ವ್ಯತ್ಯಾಸ ಜಾಸ್ತಿ. ನನಗೆ ನಿಂತಾಗ 34, ಬಗ್ಗಿದಾಗ 36 ಬಂದಿತ್ತು. ಎರಡರ ನಡುವಿನ 35 ಹಿಡಿದೆ. 35ರಿಂದ 30 ಕಳೆದರೆ 5. ಹಾಗೆ ಬಂದದ್ದು ಡಿಡಿ.

ಒಂದು ಸ್ತನ ಇನ್ನೊಂದಕ್ಕಿಂತ ಸ್ವಲ್ಪ ದೊಡ್ಡದಿದ್ದರೆ ಗಾಬರಿ ಬೇಡ. ಹೆಚ್ಚಿನವರಿಗೆ ಹಾಗೇ ಇರುತ್ತದೆ. ಬ್ರಾ ಯಾವಾಗಲೂ ದೊಡ್ಡದಕ್ಕೆ ಹೊಂದಬೇಕು. ಇನ್ನೊಂದು ಕಡೆ ಹೆಗಲ ಪಟ್ಟಿಯನ್ನು ಕೊಂಚ ಬಿಗಿ ಮಾಡಬಹುದು, ಇಲ್ಲವೇ ತೆಗೆದು ಹಾಕಬಹುದಾದ ಪ್ಯಾಡನ್ನು ಒಂದೇ ಕಪ್ಪಿನಲ್ಲಿ ಇಡಬಹುದು. ಒಂದು ಎಚ್ಚರಿಕೆ ಮಾತ್ರ ಇದೆ. ಇತ್ತೀಚೆಗೆ ಹೊಸದಾಗಿ ಒಂದು ಕಡೆ ಆಕಾರ ಬದಲಾದರೆ, ಗಂಟು ಸಿಕ್ಕರೆ, ಚರ್ಮ ಒಳಸೆಳೆದಂತೆ ಕಂಡರೆ, ಅದು ಬ್ರಾ ವಿಷಯ ಅಲ್ಲ. ಕೂಡಲೇ ವೈದ್ಯರ ಹತ್ತಿರ ಹೋಗಿ.

ಹಾಕಿ ನೋಡುವಾಗ

ಟೇಪು ಹೇಳುವುದು ಎಲ್ಲಿಂದ ಶುರು ಮಾಡಬೇಕು ಎಂದಷ್ಟೇ. ಸೈಜ್ ತೀರ್ಮಾನ ಆಗುವುದು ಹಾಕಿ ನೋಡಿದಾಗ. ಹಾಕುವುದರಲ್ಲೂ ಒಂದು ಕ್ರಮ ಇದೆ, ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹೊಸ ಬ್ರಾವನ್ನು ಎಲ್ಲಕ್ಕಿಂತ ಸಡಿಲವಾದ ಹುಕ್ಕಿಗೆ ಹಾಕಿ ನೋಡಿ. ಎಲಾಸ್ಟಿಕ್ ಬಳಸುತ್ತಾ ಹೋದಂತೆ ಹಿಗ್ಗುತ್ತದೆ. ಆಗ ಎರಡನೇ ಸಾಲಿಗೆ, ಆಮೇಲೆ ಮೂರನೇ ಸಾಲಿಗೆ ಹೋಗಬಹುದು. ಅಷ್ಟು ಸಾಲು ಹುಕ್ ಕೊಟ್ಟಿರುವುದೇ ಅದಕ್ಕೆ. ಅಂಗಡಿಯಲ್ಲೇ ಕೊನೆಯ ಬಿಗಿ ಹುಕ್ಕಿಗೆ ಹಾಕಿದರೆ ಮಾತ್ರ ಸರಿ ಅನ್ನಿಸಿದರೆ ಆ ಬ್ರಾ ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ.

ಹುಕ್ ಹಾಕಿದ ಮೇಲೆ ಸ್ವಲ್ಪ ಮುಂದೆ ಬಗ್ಗಿ. ಬಲಗೈಯನ್ನು ಎಡಗಪ್ಪಿನೊಳಗೆ ಹಾಕಿ, ಕಂಕುಳಿನ ಕಡೆಯಿಂದ ಮಾಂಸವನ್ನೆಲ್ಲ ಮೆಲ್ಲಗೆ ಮುಂದಕ್ಕೆ, ಕಪ್ಪಿನೊಳಕ್ಕೆ ತನ್ನಿ. ಇನ್ನೊಂದು ಕಡೆಯೂ ಹಾಗೇ. ಕಂಕುಳಿನ ಹತ್ತಿರ ಉಬ್ಬಿರುವುದು ಬೊಜ್ಜು ಅಂತ ಎಷ್ಟೋ ಜನ ಬೇಜಾರು ಮಾಡಿಕೊಳ್ಳುತ್ತಾರೆ. ಅದರಲ್ಲಿ ಒಂದಿಷ್ಟು ಸ್ತನದ್ದೇ ಭಾಗ, ಚಿಕ್ಕ ಕಪ್ಪು ಅದನ್ನು ಹೊರಗೆ ತಳ್ಳಿರುತ್ತದೆ. ಹೀಗೆ ಒಳಗೆ ತಂದಾಗ ಸರಿಯಾಗಿದೆ ಅಂದುಕೊಂಡಿದ್ದ ಕಪ್ಪು ಮೇಲಿನಿಂದ ತುಳುಕುವುದು ಕಾಣುತ್ತದೆ. ನನಗೆ ಆದದ್ದೂ ಅದೇ.

ಈಗ ಕನ್ನಡಿಯಲ್ಲಿ ನೋಡಿ. ಬ್ಯಾಂಡ್ ಮುಂದೆಯೂ ಹಿಂದೆಯೂ ಒಂದೇ ಮಟ್ಟದಲ್ಲಿ ಇದೆಯೇ? ಬೆನ್ನಿನ ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಬಹುದೇ, ಆದರೆ ಮುಷ್ಟಿ ತೂರದಷ್ಟು ಬಿಗಿ ಇದೆಯೇ? ತಂತಿ ಇರುವ ಬ್ರಾ ಆದರೆ ಎರಡು ಕಪ್ಪುಗಳ ನಡುವಿನ ತುಂಡು ಎದೆಮೂಳೆಗೆ ತಾಗಿ ಕೂತಿರಬೇಕು. ತಂತಿ ಸ್ತನದ ಬುಡದ ಮಡಿಕೆಯಲ್ಲೇ ಸಾಗಿ, ಪಕ್ಕದಲ್ಲಿ ಸ್ತನ ಮುಗಿಯುವ ಜಾಗದಿಂದ ಕಂಕುಳಿನ ನಡುಭಾಗದ ಕಡೆ ಮುಖ ಮಾಡಿರಬೇಕು. ಸ್ತನದ ಮೇಲೆ ಎಲ್ಲೂ ತಂತಿ ಕೂರಬಾರದು. ಕೈ ಎತ್ತಿ, ಪಕ್ಕಕ್ಕೆ ವಾಲಿ, ಕೂತು ಎದ್ದು ನೋಡಿ. ಬ್ರಾ ಅಲುಗದೆ ಇರಬೇಕು.

ತೊಂದರೆ ಎಲ್ಲಿ, ಕಾರಣ ಎಲ್ಲಿ

ಈ ಭಾಗವನ್ನು ನಿಧಾನವಾಗಿ ಓದಿ ಎಂದು ಕೇಳಿಕೊಳ್ಳುತ್ತೇನೆ. ಬ್ರಾದಲ್ಲಿ ನೋವು ಒಂದು ಕಡೆ ಕಾಣುತ್ತದೆ, ಅದಕ್ಕೆ ಕಾರಣ ಇನ್ನೊಂದು ಕಡೆ ಇರುತ್ತದೆ. ನಾವು ಕಂಡ ಕಡೆಯೇ ಸರಿಪಡಿಸಲು ಹೋಗಿ ಇನ್ನಷ್ಟು ಕೆಡಿಸುತ್ತೇವೆ.

ಹೆಗಲ ಮೇಲಿನ ಗೆರೆಯನ್ನೇ ತೆಗೆದುಕೊಳ್ಳಿ. ಪಟ್ಟಿ ಕೊರೆಯುತ್ತಿದೆ, ಹಾಗಾದರೆ ಪಟ್ಟಿಯದೇ ತಪ್ಪು ಅನ್ನಿಸುತ್ತದೆ. ನಿಜವಾಗಿ ಸ್ತನದ ಭಾರದ ಹೆಚ್ಚಿನ ಪಾಲನ್ನು ಹೊರಬೇಕಾದದ್ದು ಬ್ಯಾಂಡ್. ಮೈಸುತ್ತ ಗಟ್ಟಿಯಾಗಿ ನಿಂತು, ಕೆಳಗಿನಿಂದ ಎತ್ತಿ ಹಿಡಿಯುವುದು ಅದರ ಕೆಲಸ. ಹೆಗಲ ಪಟ್ಟಿ ಕಪ್ಪಿನ ಮೇಲಂಚನ್ನು ಮೈಗೆ ಹತ್ತಿರ ಇಟ್ಟರೆ ಸಾಕು. ಬ್ಯಾಂಡ್ ಸಡಿಲವಾದಾಗ ಆ ಭಾರ ಪೂರ್ತಿ ಹೆಗಲಿಗೆ ಬರುತ್ತದೆ. ಎದೆ ಇಳಿದಂತೆ ಕಾಣುತ್ತದೆ ಎಂದು ಪಟ್ಟಿಯನ್ನು ಇನ್ನೂ ಬಿಗಿ ಮಾಡುತ್ತೇವೆ. ಬಿಗಿ ಮಾಡಿದಷ್ಟೂ ಅದು ಬೆನ್ನಿನ ಬ್ಯಾಂಡನ್ನು ಮೇಲಕ್ಕೆ ಎಳೆಯುತ್ತದೆ. ಹಿಂದೆ ಮೇಲೆ ಹೋದಂತೆ ಮುಂದೆ ಕೆಳಗೆ ಬರುತ್ತದೆ, ಏತದ ಹಾಗೆ. ಮತ್ತೆ ಪಟ್ಟಿ ಬಿಗಿ ಮಾಡುತ್ತೇವೆ. ಇದಕ್ಕೆ ಮದ್ದು ಚಿಕ್ಕ ಬ್ಯಾಂಡ್. ಬ್ಯಾಂಡ್ ಒಂದು ಇಳಿಸಿದಾಗ ಅಕ್ಷರ ಒಂದು ಏರಿಸುವುದನ್ನು ಮರೆಯಬೇಡಿ. 36ಬಿ ಸಡಿಲ ಎಂದರೆ 34ಬಿ ಕೊಳ್ಳಬಾರದು, 34ಸಿ ಕೊಳ್ಳಬೇಕು.

ಇದರ ಉಲ್ಟಾ ಇನ್ನೊಂದು. ಬ್ಯಾಂಡ್ ಉಸಿರುಗಟ್ಟಿಸುವಷ್ಟು ಬಿಗಿ ಅನ್ನಿಸುತ್ತಿದೆ. ಎಲ್ಲರೂ ಮಾಡುವುದು ದೊಡ್ಡ ಬ್ಯಾಂಡ್ ಹುಡುಕುವುದು. ಸ್ವಲ್ಪ ತಡೆಯಿರಿ. ಕಪ್ಪು ಚಿಕ್ಕದಾದರೆ ಸ್ತನ ಅದರೊಳಗೆ ಪೂರ್ತಿ ಕೂರುವುದಿಲ್ಲ, ಬ್ರಾವನ್ನು ಮುಂದಕ್ಕೆ ತಳ್ಳುತ್ತದೆ. ಆ ಎಳೆತಕ್ಕೆ ಬ್ಯಾಂಡ್ ಬಿಗಿ ಅನ್ನಿಸುತ್ತದೆ. ಅಸಲು ಬ್ಯಾಂಡೇ ಚಿಕ್ಕದೋ, ಕಪ್ಪು ಚಿಕ್ಕದೋ ಎಂದು ತಿಳಿಯಲು ಬ್ರಾವನ್ನು ತಲೆಕೆಳಗಾಗಿ, ಹಿಂದುಮುಂದಾಗಿ ಹಾಕಿ. ಕಪ್ಪುಗಳು ಬೆನ್ನಿನ ಕಡೆ ಹೋಗಲಿ, ಹುಕ್ ಮುಂದೆ ಬರಲಿ. ಈಗ ಕಪ್ಪಿನೊಳಗೆ ಏನೂ ಇಲ್ಲ, ಬ್ಯಾಂಡಿನ ಬಿಗಿ ಮಾತ್ರ ತಿಳಿಯುತ್ತದೆ. ಈಗ ಹಿತವಾಗಿದ್ದರೆ ಬ್ಯಾಂಡ್ ಸರಿಯಾಗಿದೆ, ನಿಮಗೆ ಬೇಕಾದದ್ದು ದೊಡ್ಡ ಕಪ್ಪು. ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದು. ಟ್ರಯಲ್ ರೂಮಿನಲ್ಲಿ ಅರ್ಧ ನಿಮಿಷ ಸಾಕು.

ಕಪ್ಪಿನ ಮೇಲಂಚಿನಲ್ಲಿ ಸ್ತನ ಉಬ್ಬಿ ನಾಲ್ಕು ಭಾಗವಾದಂತೆ ಕಂಡರೆ ಕಪ್ಪು ಚಿಕ್ಕದು, ಅದರಲ್ಲಿ ಅನುಮಾನವಿಲ್ಲ. ಆದರೆ ಮೇಲೆ ಖಾಲಿ ಜಾಗ ಉಳಿದು ಬಟ್ಟೆ ಸುಕ್ಕಾದರೆ? ಕಪ್ಪು ದೊಡ್ಡದು ಅಂತ ತೀರ್ಮಾನಿಸುವುದು ಸಹಜ. ಕೆಲವು ಸಲ ಅದು ನಿಜ. ಇನ್ನು ಕೆಲವು ಸಲ ಕಪ್ಪು ಚಿಕ್ಕದಾಗಿರುವುದರಿಂದಲೇ ಹಾಗಾಗುತ್ತದೆ. ಬುಡದಲ್ಲಿ ಜಾಗ ಸಾಲದೆ ಸ್ತನ ಕೆಳಗೆ ಜಾರಿರುತ್ತದೆ, ತಂತಿ ಮಡಿಕೆಯಿಂದ ಕೆಳಗೆ ಇಳಿದಿರುತ್ತದೆ, ಮೇಲೆ ಖಾಲಿ ಉಳಿಯುತ್ತದೆ. ತಂತಿ ಮಡಿಕೆಯಲ್ಲೇ ಇದೆಯೇ, ನಡುವಿನ ತುಂಡು ಎದೆಗೆ ತಾಗಿದೆಯೇ ನೋಡಿ. ಇಲ್ಲದಿದ್ದರೆ ಕಪ್ಪು ಇಳಿಸಬೇಡಿ, ಒಂದು ಏರಿಸಿ ನೋಡಿ.

ನಡುವಿನ ತುಂಡು ಏನು ಮಾಡಿದರೂ ಎದೆಗೆ ತಾಗುತ್ತಿಲ್ಲವೇ? ಸಾಮಾನ್ಯವಾಗಿ ಕಪ್ಪು ಚಿಕ್ಕದಿರುತ್ತದೆ. ಸ್ತನಗಳು ಒಂದಕ್ಕೊಂದು ತೀರಾ ಹತ್ತಿರ ಇರುವವರಿಗೆ ಮಾತ್ರ, ಸೈಜ್ ಸರಿ ಇದ್ದರೂ ಅದು ತಾಗದೆ ಹೋಗಬಹುದು. ಅವರಿಗೆ ನಡುವಿನ ತುಂಡು ಗಿಡ್ಡವಿರುವ ಪ್ಲಂಜ್ ಮಾದರಿ ಒಳ್ಳೆಯದು.

ಆಕಾರದ ಮಾತು

ಸೈಜ್ ಸರಿಯಾದರೂ ಕೆಲವು ಬ್ರಾ ಮೈಗೆ ಒಗ್ಗುವುದಿಲ್ಲ. ಅಲ್ಲಿ ಬರುವುದು ಆಕಾರ. ಟೇಪಿಗೆ ಇದು ಗೊತ್ತಾಗುವುದಿಲ್ಲ. ಒಂದೇ ಅಳತೆಯ ಇಬ್ಬರಲ್ಲಿ ಒಬ್ಬಳ ಸ್ತನ ಎದೆಯ ಮೇಲೆ ಅಗಲವಾಗಿ ಹರಡಿರಬಹುದು, ಇನ್ನೊಬ್ಬಳದು ಕಿರಿದಾದ ಬುಡದಿಂದ ಮುಂದಕ್ಕೆ ಚಾಚಿರಬಹುದು. ಮೊದಲನೆಯವಳಿಗೆ ಅಚ್ಚಿನಲ್ಲಿ ಒತ್ತಿ ಮಾಡಿದ ನುಣುಪು ಕಪ್ಪು, ಅಂದರೆ ಟಿ-ಶರ್ಟ್ ಬ್ರಾ, ಸಲೀಸಾಗಿ ಕೂರುತ್ತದೆ. ಎರಡನೆಯವಳಿಗೆ ಅದೇ ಬ್ರಾ ಬುಡದಲ್ಲಿ ಬಿಗಿ, ಮೇಲೆ ಖಾಲಿ. ಆಕೆಗೆ ಎರಡು ಮೂರು ತುಂಡು ಸೇರಿಸಿ ಹೊಲಿದ, ಹೊಲಿಗೆ ಗೆರೆ ಇರುವ ಮೃದು ಕಪ್ಪು ಬೇಕು. ತುಂಡುಗಳನ್ನು ಸೇರಿಸಿದಾಗ ಕಪ್ಪಿಗೆ ಹೆಚ್ಚು ಆಳ ಬರುತ್ತದೆ.

ಸ್ತನದ ತುಂಬು ಮೇಲ್ಭಾಗದಲ್ಲಿದೆಯೋ ಕೆಳಭಾಗದಲ್ಲಿದೆಯೋ ಎಂಬುದೂ ಮುಖ್ಯ. ಕೆಳಗೆ ತುಂಬಿರುವವರಿಗೆ ಮೇಲಂಚು ತಗ್ಗಿರುವ ಬಾಲ್ಕನೆಟ್ ಚೆನ್ನಾಗಿ ಹೊಂದುತ್ತದೆ. ಮೇಲೆ ತುಂಬಿರುವವರಿಗೆ ಮೇಲಂಚಿನಲ್ಲಿ ಹಿಗ್ಗುವ ಲೇಸ್ ಇರುವ ಕಪ್ಪು, ಇಲ್ಲವೇ ಪೂರ್ತಿ ಮುಚ್ಚುವ ಫುಲ್ ಕಪ್ ಒಳ್ಳೆಯದು. ಎಲ್ಲ ಅಂಗಡಿಗಳಲ್ಲೂ ಪ್ಯಾಡ್ ಇರುವ ಅಚ್ಚಿನ ಕಪ್ಪುಗಳೇ ಸಾಲಾಗಿ ನಿಂತಿರುತ್ತವೆ, ಅದು ಹೊಂದದಿದ್ದರೆ ನಮ್ಮ ಮೈಯೇ ಸರಿಯಿಲ್ಲ ಎಂದು ಅನ್ನಿಸಿಬಿಡುತ್ತದೆ. ಎಷ್ಟೋ ಹುಡುಗಿಯರು ಟ್ರಯಲ್ ರೂಮಿನಿಂದ ಅಳುಮುಖ ಮಾಡಿಕೊಂಡು ಬರುವುದನ್ನು ನೋಡಿದ್ದೇನೆ. ಹೊಂದದೆ ಹೋದದ್ದು ಒಂದು ಬಟ್ಟೆ, ಅಷ್ಟೇ. ಇನ್ನೊಂದು ಮಾದರಿ ತರಿಸಿ ನೋಡಿ.

ಮೈ ಬದಲಾಗುತ್ತದೆ

ಒಮ್ಮೆ ಅಳೆದ ಸೈಜ್ ಶಾಶ್ವತ ಅಲ್ಲ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಸ್ತನ ಊದಿ ಭಾರವಾಗುತ್ತದೆ, ಆಗ ಅಳೆದರೆ ಬೇರೆ ಬರುತ್ತದೆ. ಆ ದಿನಗಳಿಗೆಂದೇ ತಂತಿ ಇಲ್ಲದ, ಹಿಗ್ಗುವ ಬ್ರಾ ಒಂದು ಇಟ್ಟುಕೊಳ್ಳುವುದು ಒಳ್ಳೆಯದು. ತೂಕ ಹೆಚ್ಚಾದರೆ, ಕಡಿಮೆಯಾದರೆ, ಹಾರ್ಮೋನ್ ಮಾತ್ರೆ ತೆಗೆದುಕೊಂಡರೆ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ, ಆಗಲೂ ಅಳತೆ ಬದಲಾಗುತ್ತದೆ.

ಗರ್ಭಿಣಿಯರಲ್ಲಿ ಸ್ತನದ ಜೊತೆ ಪಕ್ಕೆಲುಬಿನ ಗೂಡೂ ಅಗಲವಾಗುತ್ತದೆ. ಹಾಗಾಗಿ ಬ್ಯಾಂಡ್, ಕಪ್ಪು ಎರಡೂ ಬದಲಾಗಬೇಕು. ಹಾಲೂಡಿಸುವ ತಿಂಗಳುಗಳಲ್ಲಿ ಬಿಗಿಯಾದ ಬ್ರಾ, ಸ್ತನವನ್ನು ಒತ್ತುವ ತಂತಿ ಬೇಡವೇ ಬೇಡ. ಒಂದೇ ಕಡೆ ಒತ್ತಡ ಬಿದ್ದರೆ ಹಾಲು ಕಟ್ಟಿಕೊಳ್ಳುವ ತೊಂದರೆ ಹೆಚ್ಚುತ್ತದೆ. ಮೃದು ಬಟ್ಟೆಯ, ಮುಂದೆ ತೆರೆಯುವ ನರ್ಸಿಂಗ್ ಬ್ರಾ ಸಾಕು.

ಓಡುವವರಿಗೆ, ಆಡುವವರಿಗೆ ಬೇರೆ ಬ್ರಾ ಬೇಕು. ಸ್ತನದಲ್ಲಿ ಸ್ನಾಯು ಇಲ್ಲ. ಅದನ್ನು ಹಿಡಿದಿರುವುದು ಚರ್ಮ ಮತ್ತು ಒಳಗಿನ ತೆಳು ನಾರುಗಳು. ಅವನ್ನು 1840ರಲ್ಲಿ ವಿವರಿಸಿದ ಇಂಗ್ಲಿಷ್ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ ಹೆಸರಿನಿಂದ ಕೂಪರ್ ಲಿಗಮೆಂಟ್ ಎಂದೇ ಕರೆಯುತ್ತಾರೆ. ಓಡುವಾಗ ಸ್ತನ ಮೇಲೆ ಕೆಳಗೆ ಮಾತ್ರ ಅಲ್ಲ, ಪಕ್ಕಕ್ಕೂ ಮುಂದಕ್ಕೂ ಅಲುಗುತ್ತದೆ. ಚಿಕ್ಕ ಸ್ತನಗಳಿಗೆ ಎದೆಗೆ ಒತ್ತಿ ಹಿಡಿಯುವ ಸ್ಪೋರ್ಟ್ಸ್ ಬ್ರಾ ಸಾಕಾಗುತ್ತದೆ. ದೊಡ್ಡವಕ್ಕೆ ಎರಡೂ ಕಡೆ ಬೇರೆ ಬೇರೆ ಕಪ್ಪು ಇರುವ, ಹುಕ್ ಇರುವ ಮಾದರಿ ಬೇಕು. ಮೊದಲ ಸ್ಪೋರ್ಟ್ಸ್ ಬ್ರಾ ಹುಟ್ಟಿದ್ದು 1977ರಲ್ಲಿ, ಅಮೆರಿಕದ ವರ್ಮಾಂಟ್‌ನಲ್ಲಿ. ಲೀಸಾ ಲಿಂಡಾಲ್, ಪಾಲಿ ಸ್ಮಿತ್, ಹಿಂಡಾ ಮಿಲ್ಲರ್ ಎಂಬ ಮೂವರು ಹೆಂಗಸರು ಗಂಡಸರು ಆಟವಾಡುವಾಗ ಒಳಗೆ ಹಾಕುವ ಆಧಾರದ ಉಡುಪಾದ ಜಾಕ್‌ಸ್ಟ್ರಾಪ್ ಎರಡನ್ನು ಸೇರಿಸಿ ಹೊಲಿದು ಅದನ್ನು ಮಾಡಿದರು. ಹೆಂಗಸರ ಓಟಕ್ಕೆ ಇಷ್ಟು ಸಣ್ಣ ಅನುಕೂಲ ಬರಲು ಅಷ್ಟು ತಡವಾಯಿತಲ್ಲ ಎಂದು ನೆನೆದಾಗ ನನಗೆ ಬೇಸರವಾಗುತ್ತದೆ.

ಎರಡು ಹೆದರಿಕೆಗಳ ಬಗ್ಗೆ ಮಾತ್ರ ಹೇಳಿಬಿಡುತ್ತೇನೆ. ಬ್ರಾ ಹಾಕಿದರೆ, ಅದರಲ್ಲೂ ತಂತಿ ಇರುವುದನ್ನು ಹಾಕಿದರೆ ಸ್ತನ ಕ್ಯಾನ್ಸರ್ ಬರುತ್ತದೆ ಎಂಬ ಮಾತು ಆಗಾಗ ಹರಿದಾಡುತ್ತದೆ. ಅಮೆರಿಕದ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ನೋಡಿದರು. ಮುಟ್ಟು ನಿಂತ ಹೆಂಗಸರಲ್ಲಿ ಎಷ್ಟು ಗಂಟೆ ಬ್ರಾ ಹಾಕುತ್ತಾರೆ, ತಂತಿ ಇತ್ತೇ, ಯಾವ ವಯಸ್ಸಿನಿಂದ ಹಾಕುತ್ತಿದ್ದಾರೆ ಎಂದೆಲ್ಲ ಹೋಲಿಸಿದರು. ಕ್ಯಾನ್ಸರಿಗೂ ಇವಕ್ಕೂ ಸಂಬಂಧ ಕಾಣಲಿಲ್ಲ. ಇನ್ನೊಂದು, ಬ್ರಾ ಹಾಕದಿದ್ದರೆ ಸ್ತನ ಜೋಲುತ್ತದೆ ಎಂಬ ಹೆದರಿಕೆ. ವಯಸ್ಸು, ಗರ್ಭ, ತೂಕದ ಏರಿಳಿತ, ಸಿಗರೇಟು, ಇವುಗಳಿಂದ ಚರ್ಮದ ಬಿಗಿ ಕಡಿಮೆಯಾಗುತ್ತದೆ. ಬ್ರಾ ಹಾಕಿದಷ್ಟು ಹೊತ್ತು ಎತ್ತಿ ಹಿಡಿಯುತ್ತದೆ. ಮನೆಯಲ್ಲಿ, ಮಲಗುವಾಗ ಹಾಕಬೇಕೋ ಬೇಡವೋ ಎಂಬುದನ್ನು ನಿಮ್ಮ ಹಿತ ನೋಡಿ ನೀವೇ ತೀರ್ಮಾನಿಸಬಹುದು.

ಒಗೆಯುವುದು, ಬಿಡುವುದು

ಸರಿಯಾದ ಬ್ರಾ ಸಿಕ್ಕ ಮೇಲೆ ಅದನ್ನು ಕೆಡಿಸುವುದು ಬಿಸಿ ನೀರು ಮತ್ತು ಹಿಂಡುವುದು. ತಣ್ಣೀರಿನಲ್ಲಿ ಕೈಯಲ್ಲೇ ಒಗೆಯಿರಿ. ಮೆಷಿನ್‌ಗೆ ಹಾಕಲೇಬೇಕೆಂದರೆ ಹುಕ್ ಹಾಕಿ, ಬಲೆಚೀಲದಲ್ಲಿ ಇಟ್ಟು ಹಾಕಿ. ಡ್ರೈಯರ್ ಬೇಡ, ಬಿಸಿಗೆ ಎಲಾಸ್ಟಿಕ್ ಸತ್ತುಹೋಗುತ್ತದೆ. ಹೆಗಲ ಪಟ್ಟಿಯಿಂದ ನೇತುಹಾಕಿದರೆ ನೀರಿನ ಭಾರಕ್ಕೆ ಪಟ್ಟಿ ಹಿಗ್ಗುತ್ತದೆ, ನಡುವಿನ ತುಂಡಿನಿಂದ ಮಡಿಸಿ ಹಾಕಿ. ಒಂದೇ ಬ್ರಾವನ್ನು ದಿನಾ ಹಾಕದೆ ಎರಡು ಮೂರನ್ನು ಬದಲಾಯಿಸುತ್ತಾ ಹಾಕಿದರೆ ಎಲಾಸ್ಟಿಕ್‌ಗೆ ಮತ್ತೆ ತನ್ನ ಅಳತೆಗೆ ಬರಲು ಸಮಯ ಸಿಗುತ್ತದೆ.

ಹಳೆಯದನ್ನು ಯಾವಾಗ ಬಿಡಬೇಕು? ತಿಂಗಳ ಲೆಕ್ಕ ಬೇಕಿಲ್ಲ. ಎಲ್ಲಕ್ಕಿಂತ ಬಿಗಿಯಾದ ಹುಕ್ಕಿಗೆ ಹಾಕಿ ಕೈ ಎತ್ತಿ. ಬ್ಯಾಂಡ್ ಮೇಲೆ ಬಂತೆಂದರೆ ಅದರ ಕೆಲಸ ಮುಗಿಯಿತು. ನನ್ನ ಬೀರುವಿನಲ್ಲಿ 34ಬಿ ಲೇಬಲ್ಲಿನ ಕೊನೆಯ ಬ್ರಾ ಒಂದು ಇನ್ನೂ ಇತ್ತು. ಹೊಸದಿದ್ದಾಗಲೇ ಅದು ನನ್ನ ಮೈಮೇಲೆ ಈ ಪರೀಕ್ಷೆ ದಾಟುತ್ತಿರಲಿಲ್ಲ.